ಭಂಡಾರ ಹಚ್ಚಿದ ನಾಯಿಗಳು

ದನದ ಡಾಕ್ಟರಾಗಿ ಇಷ್ಟು ವರ್ಷವಾಯಿತು. ಇವತ್ತಾದರೂ ಏನೂ ವಿಚಿತ್ರ ನಡೆಯಲಿಕ್ಕಿಲ್ಲ ಎಂದುಕೊಂಡು ದಿನಾ ಬೆಳಿಗ್ಗೆ ಮನೆ ಬಿಡುತ್ತೇನೆ, ದಿನಾ ಸಂಜೆ ಬಾಯಿ ತೆರೆದುಕೊಂಡು ಮನೆಗೆ ಬರುತ್ತೇನೆ. ನನ್ನ ಗಂಡ ಈಗೀಗ ಏನಾಯಿತೆಂದು ಕೇಳುವುದಿಲ್ಲ. ಚಹಾ ಕೊಟ್ಟು ಎದುರಿಗೆ ಕುಳಿತುಬಿಡುತ್ತಾರೆ.

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ. ಸರಕಾರ ನನ್ನನ್ನು ವರ್ಗ ಮಾಡಿ ಮಾಡಿ ಇಷ್ಟರೊಳಗೇ ಗಾಣದೆತ್ತಿನ ಹಾಗೆ ತಿರುಗಿಸಿದೆ. ಎಮ್ಮೆ ಹಾಲು ಕಡಿಮೆ ಮಾಡಿದರೆ ಜನ ನಡುಮಧ್ಯಾಹ್ನ ಓಡಿ ಬರುತ್ತಾರೆ. ಆದರೆ ನಾಯಿಗೆ ವರ್ಷಕ್ಕೊಮ್ಮೆ ಹುಚ್ಚಿನ ಸೂಜಿ ಹಾಕಿಸಿ, ಬೆಕ್ಕಿಗೆ ಜಂತಿನ ಔಷಧ ಕುಡಿಸಿ ಎಂದರೆ ಎಲ್ಲ ಕಡೆಯೂ ಒಂದೇ ಮಾತು: “ಆರಾಮ ಐತಲ್ರಿ. ಆರಾಮ ಇದ್ದದ್ದಕ್ಕ ಯಾಕ್ರಿ ಸೂಜಿ?” ಕೋಟೆ ಸೂರೆಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರಂತೆ ಎಂದು ನಾನು ಗಾದೆ ಹೇಳುತ್ತೇನೆ. ಅವರು ಗಾದೆಗೆ ತಲೆಯಾಡಿಸಿ ನಾಯಿಯನ್ನು ಮನೆಗೆ ಕರೆದುಕೊಂಡು ಹೋಗುತ್ತಾರೆ.

ಇನ್ನೊಂದು ದುಃಖವೂ ಇದೆ, ಅದನ್ನೂ ಹೇಳಿಬಿಡುತ್ತೇನೆ. ಮನುಷ್ಯರ ಡಾಕ್ಟರಿಗೆ ರೋಗಿಗಳು ದಾರಿಯಲ್ಲಿ ಕಂಡರೆ ಕೈ ಮುಗಿಯುತ್ತಾರೆ. ನನ್ನ ರೋಗಿಗಳು ನನ್ನ ಚೀಲದ ಜಿಪ್ ಶಬ್ದ ಕೇಳಿದರೆ ಸಾಕು, ಮಂಚದ ಕೆಳಗೆ ಸೇರುತ್ತಾರೆ. ಪ್ರಾಣಿಗಳ ಮೇಲಿನ ಪ್ರೀತಿಯಿಂದ ಈ ಕೆಲಸಕ್ಕೆ ಬಂದವಳು ನಾನು. ಯಾವ ಪ್ರಾಣಿಗೂ ನಾನು ಬೇಡವಾದೆನಲ್ಲ ಎಂದು ಬಹಳ ಸಲ ಮನಸ್ಸಿಗೆ ಹತ್ತಿದೆ.

ಕಟಕೋಳದ ಕಡೆಯ ಒಂದು ಊರಿನಲ್ಲಿ, ಒಂದು ಭಾನುವಾರ ಬೆಳಿಗ್ಗೆ, ಊರಿನ ನಾಯಿಗಳೆಲ್ಲ ಉಳಿಯಬೇಕೋ ಬೇಡವೋ ಎಂಬ ಪ್ರಶ್ನೆ ಬಂದು ನನ್ನ ಕೈಚೀಲದ ಎದುರಿಗೆ ನಿಂತಿತ್ತು. ಅದನ್ನು ಕೊನೆಗೆ ಹೇಳುತ್ತೇನೆ. ಈ ಸೀಮೆಯ ಜನ ತಮ್ಮ ನಾಯಿ ಬೆಕ್ಕುಗಳನ್ನು ಹೇಗೆ ಸಾಕುತ್ತಾರೆ ಎಂಬುದು ಮೊದಲು ಗೊತ್ತಿರಬೇಕು. ಇಲ್ಲದಿದ್ದರೆ ಆ ಬೆಳಿಗ್ಗೆ ನಡೆದದ್ದನ್ನು ನೀವು ನಂಬುವುದಿಲ್ಲ.

೧. ವಿಭೂತಿ ಬೆಕ್ಕು

ಬೈಲಹೊಂಗಲದ ಪೇಟೆಯಲ್ಲಿ ಹತ್ತಿ ವ್ಯಾಪಾರದವರ ದೊಡ್ಡ ಮನೆ. ಲಿಂಗಪೂಜೆಯಾಗದೆ ಒಲೆ ಹತ್ತಿಸದ ಮನೆತನ. ಮದುವೆ ವಯಸ್ಸಿಗೆ ಬಂದ ಮೊಮ್ಮಗನೊಬ್ಬ ಮೊಬೈಲಿನಲ್ಲಿ ಏನೋ ಓದಿ, ಬೆಕ್ಕಿಗೂ ವರ್ಷಾ ವರ್ಷಾ ಸೂಜಿ ಬೇಕು ಎಂದು ಹಟ ಹಿಡಿದಿದ್ದ. ಹಾಗಾಗಿ ನನಗೆ ಕರೆ ಬಂತು.

ನಾನು ಹೋದಾಗ ಬೆಕ್ಕು ಮನೆಯಲ್ಲಿರಲಿಲ್ಲ. ಪಡಸಾಲೆಯಲ್ಲಿ ಕುಳಿತು ಅಜ್ಜಿಯನ್ನು ವಿಚಾರಿಸಿದೆ. “ಬೆಕ್ಕು ಏನೇನ ತಿಂತೈತ್ರಿ, ಅಜ್ಜಿ?”

“ಹಾಲು. ತುಪ್ಪಾ ಸವರಿದ ರೊಟ್ಟಿ. ಹಬ್ಬಕ್ಕ ಹೋಳಿಗಿ. ಅಗದಿ ಶುದ್ಧ ಶಾಖಾಹಾರಿ ಐತ್ರಿ.”

“ಇಲಿ?”

“ಶಿವ ಶಿವಾ. ನಮ್ಮ ಮನ್ಯಾಗ ಅಂಥಾದ್ದೆಲ್ಲ ಇಲ್ರಿ.”

ಅಷ್ಟರಲ್ಲಿ ಹಿತ್ತಲ ಗೋಡೆಯ ಮೇಲೆ ಬೆಕ್ಕು ಬಂತು. ಬಾಯಲ್ಲಿ ಇಲಿ, ಇಲಿಯ ಬಾಲ ಇನ್ನೂ ಅಲ್ಲಾಡುತ್ತಿತ್ತು. ಮನೆಯವರೆಲ್ಲ ಒಟ್ಟಿಗೆ ತಲೆಯೆತ್ತಿ ಮಾಳಿಗೆಯ ಜಂತಿ ಎಣಿಸತೊಡಗಿದರು. ಬೆಕ್ಕು ಹಿತ್ತಲಲ್ಲಿ ಕುಳಿತು ಸಾವಕಾಶ ಊಟ ಮುಗಿಸಿತು, ಮುಖ ತೊಳೆದುಕೊಂಡಿತು, ಬಂದು ಹೊಸ್ತಿಲ ಆಚೆಗೆ ಕುಳಿತಿತು. ಒಳಗೆ ಬರಲಿಲ್ಲ.

ಅಜ್ಜಿ ಎದ್ದು ಹೋಗಿ ವಿಭೂತಿ ತಂದರು. ಬೆಕ್ಕು ತಾನಾಗಿ ಕಣ್ಣು ಮುಚ್ಚಿ ಹಣೆ ಎತ್ತಿತು. ಅಜ್ಜಿ ಮೂರು ಬೆರಳಿನಿಂದ ವಿಭೂತಿ ಎಳೆದರು. ಆಮೇಲೆ ಬೆಕ್ಕು ಹೊಸ್ತಿಲು ದಾಟಿ ಒಳಗೆ ಬಂದು ನನ್ನ ಪಕ್ಕದ ಗಾದಿಯ ಮೇಲೆ ಮಲಗಿತು. ಎಷ್ಟು ವರ್ಷದ ಪದ್ಧತಿಯೋ ಅದು. ಕಾಲೇಜಿನಲ್ಲಿ ನಮಗೆ ಬೆಕ್ಕಿಗೆ ಏನನ್ನೂ ಕಲಿಸಲಾಗದು ಎಂದು ಪಾಠ ಮಾಡಿದ್ದರು.

ಸೂಜಿ ಹಾಕಿ, ಇಲಿ ತಿನ್ನುವ ಬೆಕ್ಕಿಗೆ ಮೂರು ತಿಂಗಳಿಗೊಮ್ಮೆ ಜಂತಿನ ಔಷಧ ಬೇಕೇ ಬೇಕು ಎಂದೆ.

ಅಜ್ಜಿ ದನಿ ತಗ್ಗಿಸಿದರು. “ಔಷಧ ಕೊಡ್ರಿ. ಇಲಿ ಸುದ್ದಿ ಮಾತ್ರ ಎತ್ತಬ್ಯಾಡ್ರಿ.”

“ಈಗ ನಿಮ್ಮ ಕಣ್ಣ ಮುಂದನ ತಿಂತಲ್ರಿ, ಅಜ್ಜಿ?”

“ಹೊರಗ ತಿಂತು. ಹೊರಗ ಯಾರು ಏನ ತಿಂದು ಬಂದ್ರು ಅಂತ ನಾವು ಕೇಳೂದಿಲ್ರಿ. ಈ ನಮ್ಮ ಮೊಮ್ಮಗನ್ನ ಒಂದ ದಿನಾ ಕೇಳೇವೇನು?”

ಬೆಕ್ಕಿನ ಆರೋಗ್ಯದ ಬಗ್ಗೆ ಅಷ್ಟು ಹೊತ್ತು ಭಾಷಣ ಮಾಡುತ್ತಿದ್ದ ಮೊಮ್ಮಗ ಮೊಬೈಲು ಜೇಬಿಗೆ ಹಾಕಿಕೊಂಡು ತಾನೂ ಜಂತಿ ಎಣಿಸತೊಡಗಿದ.

೨. ಕೂಡಿಸಿದ ತೂಕ

ಕಿತ್ತೂರಿನಲ್ಲಿ ಒಬ್ಬ ನಿವೃತ್ತ ಮಾಸ್ತರರಿದ್ದರು. ಜೀವಮಾನವಿಡೀ ಗಣಿತ ಕಲಿಸಿದವರು. ಅವರ ನಾಯಿಯ ಹೆಸರು ಗುಂಡ. ಹೆಸರಿಟ್ಟ ಮೇಲೆ ಮೈ ಬಂತೋ, ಮೈ ನೋಡಿ ಹೆಸರಿಟ್ಟರೋ, ನಾನು ಕೇಳಲಿಲ್ಲ.

ಜಂತಿನ ಗುಳಿಗೆ ಎಷ್ಟು ಕೊಡಬೇಕೆಂದು ತಿಳಿಯಲು ನಾಯಿಯ ತೂಕ ಬೇಕು. ಗುಂಡ ತಕ್ಕಡಿಯ ಮೇಲೆ ನಿಲ್ಲಲಿಲ್ಲ. ಇಂಥ ವೇಳೆಗೆ ನಮ್ಮಲ್ಲಿ ಒಂದು ಉಪಾಯವಿದೆ. ಮಾಲೀಕರು ನಾಯಿಯನ್ನು ಎತ್ತಿಕೊಂಡು ನಿಲ್ಲುವುದು, ಆಮೇಲೆ ಒಬ್ಬರೇ ನಿಲ್ಲುವುದು, ಮೊದಲನೆಯದರಲ್ಲಿ ಎರಡನೆಯದನ್ನು ಕಳೆಯುವುದು. ಮಾಸ್ತರರು ಏದುಸಿರು ಬಿಡುತ್ತ ನಿಂತರು, ಇಳಿದರು, ಬಾಯಲ್ಲೇ ಲೆಕ್ಕ ಮಾಡಿ ಹೇಳಿದರು.

“ಮಾಸ್ತರ, ನಾಯಿ ಭಾಳ ದಪ್ಪ ಆಗೇತ್ರಿ,” ಎಂದೆ. “ಹಿಂಗ ಬಿಟ್ರ ಮುಂದ ಕಾಲು ಹಿಡಿತಾವ, ಎದಿಗೂ ತ್ರಾಸ ಆಗತೈತಿ. ತುಪ್ಪ, ಉಂಡಿ, ಖಾರಿ ಎಲ್ಲಾ ಬಂದ್ ಮಾಡ್ರಿ.”

ಮಾಸ್ತರರ ಹೆಂಡತಿ ತಕ್ಕಡಿಯ ಮುಳ್ಳನ್ನು ಎರಡೂ ಸಲ ನೋಡಿಕೊಂಡಿದ್ದರು. “ನಾಯೀದು ಆತ್ರಿ. ಇವರದು?”

“ನಾ ದನದ ಡಾಕ್ಟರ್ ರೀ. ಮಾಸ್ತರು ನನ್ನ ಪೈಕಿ ಬರೂದಿಲ್ಲ.”

“ಅಡ್ಡಿ ಇಲ್ರಿ. ನಾಯಿಗಿ ಹೇಳಿದ್ದನ್ನ ಇಬ್ಬರಿಗೂ ಹಚ್ಚತೇನಿ.”

ಮುಂದಿನ ಸಲ ಬಂದಾಗ ಮಾಸ್ತರರನ್ನು ಗುರುತು ಹಿಡಿಯುವುದೇ ಕಷ್ಟವಾಯಿತು. ಪ್ಯಾಂಟಿಗೆ ಹೊಸ ತೂತು ಹೊಡೆದ ಬೆಲ್ಟು, ಒಳಗೆ ಹೋದ ಹೊಟ್ಟೆ. ಹೆಂಡತಿಗೆ ಅಭಿಮಾನವೋ ಅಭಿಮಾನ. ಈ ವಯಸ್ಸಿನಲ್ಲಿ ಇಷ್ಟು ಮನೋನಿಗ್ರಹ ಕಂಡು ನಾನೂ ಬೆರಗಾದೆ, ಬಾಯಿ ತುಂಬ ಹೊಗಳಿದೆ. ಆಮೇಲೆ ಗುಂಡನನ್ನು ಎತ್ತಿಸಿ ನಿಲ್ಲಿಸಿದೆವು. ಮುಳ್ಳು ಓಡಿ ಓಡಿ ಹೋದ ಸಲ ನಿಂತಲ್ಲೇ ಬಂದು ನಿಂತಿತು. ಮಾಸ್ತರರು ಎಷ್ಟು ಇಳಿದಿದ್ದರೋ ಗುಂಡ ಅಷ್ಟೇ ಏರಿದ್ದ. ತಟ್ಟೆಗೆ ಬಿದ್ದ ರೊಟ್ಟಿ, ಹೆಂಡತಿಯ ಕಣ್ಣು ತಪ್ಪಿಸಿ ಒಲೆಯ ಹಿಂದಿನಿಂದ ಬಂದ ಉಂಡೆ, ಎಲ್ಲವೂ ಮಂಚದ ಕೆಳಗೆ ಗುಂಡನ ಹೊಟ್ಟೆ ಸೇರಿದ್ದವು. ಅವನೊಬ್ಬನೇ ಪಥ್ಯ ಮಾಡುವುದನ್ನು ಮಾಸ್ತರರಿಗೆ ನೋಡಲಾಗಿರಲಿಲ್ಲ.

ಹೆಂಡತಿ ಗಂಡನ ಕಡೆ ನೋಡಿದರು. ಗಂಡ ಗುಂಡನ ಕಡೆ ನೋಡಿದರು. ಗುಂಡ ಗೋಡೆಯ ಕಡೆ ನೋಡಿದ.

“ಏನ ಅನ್ರಿ ನೀವು,” ಮಾಸ್ತರರು ಕೊನೆಗೆ ಹೇಳಿದರು. “ಲೆಕ್ಕ ಮಾತ್ರ ಬರೋಬರಿ ಐತಿ.”

೩. ಬಾಣಂತಿ

ಸವದತ್ತಿಯ ಒಂದು ಓಣಿಯಲ್ಲಿ ಕಂದು ಬಣ್ಣದ ಹೆಣ್ಣು ನಾಯಿ ಇತ್ತು. ವರ್ಷಕ್ಕೆರಡು ಸಲ ಮರಿ ಹಾಕುವುದು, ಅರ್ಧ ಮರಿಗಳು ಬಸ್ಸಿನ ಗಾಲಿಗೆ ಸಿಗುವುದು. ಓಣಿಯ ಹೆಂಗಸರಿಗೆ ತಿಳಿಹೇಳಿದೆ: ಇದಕ್ಕೆ ಆಪರೇಷನ್ ಮಾಡಿಸಿದರೆ ಮರಿ ಸಾಯುವುದನ್ನು ನೋಡುವ ಸಂಕಟವಿಲ್ಲ, ಮುಂದೆ ಗರ್ಭಚೀಲ ಕೀವು ಹಿಡಿದು ನಾಯಿ ಸಾಯುವ ಭಯವೂ ಇಲ್ಲ. ಅವರು ಒಪ್ಪಿದರು. ಆಪರೇಷನ್ ಚೆನ್ನಾಗಿ ಆಯಿತು. ಹೊಲಿಗೆ ನೆಕ್ಕದಂತೆ ನೋಡಿಕೊಳ್ಳಿ, ಥಂಡಿಯಲ್ಲಿ ಬಿಡಬೇಡಿ ಎಂದು ಹೇಳಿ ಕಳಿಸಿದೆ.

ಮರುದಿನ ನೋಡಲು ಹೋದೆ. ಓಣಿಗೆ ಕಾಲಿಡುತ್ತಲೇ ಲೋಬಾನದ ಹೊಗೆ. ಒಬ್ಬರ ಮನೆಯ ಪಡಸಾಲೆಯಲ್ಲಿ ಮೆತ್ತನೆಯ ಕೌದಿಯ ಮೇಲೆ ನಾಯಿ ಮಲಗಿತ್ತು. ತಲೆಗೆ ಕುಂಚಿಗೆ, ಕಿವಿ ಮುಚ್ಚಿ ಗದ್ದದ ಕೆಳಗೆ ಗಂಟು. ಹೊಟ್ಟೆಗೆ ಯಾವುದೋ ಮಗುವಿನ ಹಳೆಯ ಫ್ರಾಕು. ಪಕ್ಕದಲ್ಲಿ ತಾಟಿನ ತುಂಬ ಅಂಟಿನ ಉಂಡಿ. ಮನೆಯ ಯಜಮಾನತಿ ಬಿಸಿನೀರಿನ ಬಟ್ಟೆಯಿಂದ ನಾಯಿಯ ಕಾಲಿಗೆ ಶಾಖ ಕೊಡುತ್ತಿದ್ದರು.

“ಇದೇನ್ರಿ?” ಎಂದೆ.

“ಬಾಣಂತನ.”

“ಇದು ಹಡದಿಲ್ಲಲ್ರಿ.”

“ಹೊಟ್ಟಿ ಕೊಯ್ದೀರಿಲ್ಲೋ? ಹೊಟ್ಟಿ ಕೊಯ್ದ ಮ್ಯಾಲ ಬಾಣಂತಿನ. ಕಿವ್ಯಾಗ ಗಾಳಿ ಹೊಕ್ಕು ನಂಜಾದ್ರ ಯಾರು ಹೊಣಿ?”

ನಾನು ಫ್ರಾಕು ಸರಿಸಿ ಹೊಲಿಗೆ ನೋಡಿದೆ. ಒಣಗಿ ಸ್ವಚ್ಛವಾಗಿತ್ತು. ನಾಯಿ ನೆಕ್ಕಬೇಕೆಂದರೂ ಬಟ್ಟೆ ಅಡ್ಡ. ಅಂಗಡಿಯಲ್ಲಿ ಸಿಗುವ ಪ್ಲಾಸ್ಟಿಕ್ ಕೊರಳುಪಟ್ಟಿಗಿಂತ ಇದು ಎಷ್ಟೋ ಮೇಲು. ಇಷ್ಟು ಚಂದದ ಆರೈಕೆಯನ್ನು ನಾನು ದೊಡ್ಡ ಊರಿನ ದವಾಖಾನೆಗಳಲ್ಲೂ ನೋಡಿರಲಿಲ್ಲ. ನಿಜ ಹೇಳಬೇಕೆಂದರೆ ಕಣ್ಣು ತೇವವಾಯಿತು. ಒಂದೇ ಒಂದು ಮಾತು ಹೇಳಿದೆ. “ಉಂಡಿ ಮಾತ್ರ ಕೊಡಬ್ಯಾಡ್ರಿ. ಅದ್ರಾಗ ಒಣದ್ರಾಕ್ಷಿ ಇರತಾವ, ನಾಯಿಗಿ ಅದು ವಿಷಾ.”

“ಹಂಗೇನ್ರಿ?” ಎಂದವರೇ ಯಜಮಾನತಿ ತಾಟು ಸರಿಸಿ, ನೆರೆದ ಹೆಂಗಸರಿಗೆಲ್ಲ ಒಂದೊಂದು ಉಂಡಿ ಹಂಚಿದರು. ನನಗೂ ಬಂತು. ನಾಯಿಯ ಬಾಣಂತನದ ಉಂಡಿ ಬಹಳ ರುಚಿಯಾಗಿತ್ತು.

ಅಲ್ಲೇ ಕಂಬಕ್ಕೆ ಒರಗಿ ನಿಂತಿದ್ದ ಆ ಮನೆಯ ಸೊಸೆ, ಕಂಕುಳಲ್ಲಿ ಕೂಸನ್ನಿಟ್ಟುಕೊಂಡು, ಅತ್ತೆಗೆ ಕೇಳಿಸುವ ಹಾಗೆಯೇ ನನಗೆ ಹೇಳಿದಳು: “ಮುಂದಿನ ಸಲಾ ನನ್ನೂ ನಿಮ್ಮ ದವಾಖಾನಿಗೇ ಕರಕೊಂಡ ಹೋಗ್ರಿ, ಡಾಕ್ಟರ್ ಬಾಯಾರ.”

೪. ಕಳವಿನ ಗುಳಿಗೆ

ಇದು ಸಣ್ಣದು. ಯರಗಟ್ಟಿಯಲ್ಲಿ ಕಾಳು ವ್ಯಾಪಾರದ ಒಂದು ಅಡತಿ ಅಂಗಡಿ, ಜೋಳ ಗೋವಿನಜೋಳದ ಚೀಲ ಕಾಯಲು ಒಂದು ನಾಯಿ. ಅದಕ್ಕೆ ಜಂತಿನ ಗುಳಿಗೆ ನುಂಗಿಸಬೇಕಿತ್ತು. ಸಾವಕಾರರು ಗುಳಿಗೆಯನ್ನು ಪೇಡೆಯಲ್ಲಿಟ್ಟು ಕೊಟ್ಟರು. ನಾಯಿ ಪೇಡೆ ತಿಂದು ಗುಳಿಗೆಯನ್ನು ನೆಲದ ಮೇಲಿಟ್ಟಿತು. ಶೇಂಗಾ ಹೋಳಿಗೆಯಲ್ಲಿಟ್ಟರು. ಹೋಳಿಗೆ ಹೋಯಿತು, ಗುಳಿಗೆ ಬಂತು, ಅದೂ ತೊಳೆದಿಟ್ಟ ಹಾಗೆ. ಬೆಣ್ಣೆ, ಬೆಲ್ಲ, ಚಪಾತಿ ಎಲ್ಲ ಮುಗಿದವು. ಹಮಾಲರು ಚೀಲ ಹೊರುವುದನ್ನು ಬಿಟ್ಟು ನೋಡುತ್ತ ನಿಂತರು. ಆ ನಾಲಿಗೆಯ ಕೈಚಳಕಕ್ಕೆ ನಾನು ಮನಸ್ಸಿನಲ್ಲೇ ನಮಸ್ಕಾರ ಹಾಕಿದೆ.

ಸಾವಕಾರರ ತಾಯಿ ಒಳಗಿಂದ ಬಂದರು. ಗುಳಿಗೆಯನ್ನು ಒಂದು ಚೂರು ಹೋಳಿಗೆಯಲ್ಲಿ ಸುತ್ತಿ, ದುಡ್ಡಿನ ಗಲ್ಲೆಯ ಮೇಲಿನ ಲಕ್ಷ್ಮಿ ಫೋಟೋದ ಮುಂದೆ ಇಟ್ಟು, ಗಟ್ಟಿಯಾಗಿ ಹೇಳಿದರು: “ಇದು ನೈವೇದ್ಯದ್ದು. ಯಾರೂ ಮುಟ್ಟಬ್ಯಾಡ್ರಿ.” ಹೇಳಿ ಬೆನ್ನು ತಿರುಗಿಸಿದರು. ಒಂದು ಸಲ ಜಿಗಿದ ಶಬ್ದ ಬಂತು, ಅಷ್ಟೇ. ಹೋಳಿಗೆಯೂ ಇಲ್ಲ, ಗುಳಿಗೆಯೂ ಇಲ್ಲ. ನಾಯಿ ಏನೂ ಅರಿಯದವರ ಹಾಗೆ ಚೀಲಗಳ ಹಿಂದೆ ಹೋಗಿ ಕುಳಿತಿತು.

“ಕೊಟ್ಟದ್ದನ್ನ ಪರೀಕ್ಷಾ ಮಾಡಿ ತಿಂತೈತ್ರಿ,” ಎಂದರು ಸಾವಕಾರರ ತಾಯಿ. “ಕದ್ದದ್ದನ್ನ ಪರೀಕ್ಷಾ ಮಾಡಾಕ ಪುರಸೊತ್ತು ಎಲ್ಲಿರತೈತಿ?”

೫. ಭಾನುವಾರದ ಭಂಡಾರ

ರಾಮದುರ್ಗಕ್ಕೆ ವರ್ಗವಾಗಿ ಬಂದು ಮನೆಸಾಮಾನು ಇನ್ನೂ ಬಿಚ್ಚಿರಲಿಲ್ಲ. ಕಟಕೋಳದ ಕಡೆಯ ಆ ಊರಿನಿಂದ ಫೋನು ಬಂತು. ಪಕ್ಕದ ಊರಿನ ಹೊಲದಲ್ಲಿ ಹುಚ್ಚುನಾಯಿಯೊಂದು ಎಮ್ಮೆಕರುವಿಗೆ ಕಚ್ಚಿತ್ತು, ಜನ ಅದನ್ನು ಅಲ್ಲೇ ಮುಗಿಸಿದ್ದರು. ಈ ಊರಿಗೆ ಆ ನಾಯಿ ಬಂದಿರಲಿಲ್ಲ. ಹೆದರಿಕೆ ಮಾತ್ರ ಬಂದಿತ್ತು.

ಊರಿನ ಹಿರಿಯರಾದ ಗೌಡರು ಚಾವಡಿಯಲ್ಲಿ ಕುಳಿತು ಒಂದು ತೀರ್ಮಾನ ಮಾಡಿದ್ದರು. “ಸೂಜಿ ಆದ ನಾಯಿ ಊರಾಗ ಇರಲಿ. ಸೂಜಿ ಆಗದ್ದು ಸೋಮವಾರ ಮುಂಜಾನಿ ಕಣ್ಣಿಗಿ ಬಿದ್ರ ಹುಡುಗೂರು ಬಡಿಗಿ ತಗೋತಾರ.” ಗೌಡರು ಕೆಟ್ಟವರಲ್ಲ. ಹಿಂದೊಮ್ಮೆ ಅವರಿಗೇ ನಾಯಿ ಕಚ್ಚಿ, ದೊಡ್ಡ ದವಾಖಾನೆಗೆ ಹೋಗಿ ಮತ್ತೆ ಮತ್ತೆ ಸೂಜಿ ಹಾಕಿಸಿಕೊಂಡು ಬಂದಿದ್ದರು. “ನಾಯಿಗಿ ನಾ ಅಂಜೂದಿಲ್ರಿ, ಡಾಕ್ಟರ್ ಬಾಯಾರ,” ಎಂದು ತಾವೇ ನನಗೆ ಹೇಳಿದರು. “ಸೂಜಿ ಅಂದ್ರ ಇವತ್ತಿಗೂ ಮೈ ಬೆವರತೈತಿ. ಆ ಕಷ್ಟ ನಮ್ಮ ಊರ ಮಕ್ಕಳಿಗಿ ಬರಬಾರದು.”

ಶನಿವಾರ ಚಾವಡಿಯ ಮುಂದೆ ನಾನು ಮತ್ತು ನಮ್ಮ ಕಂಪೌಂಡರ್ ಕಾಕಾ ಕುಳಿತೆವು. ಆರಾಮ ಇದ್ದದ್ದಕ್ಕೆ ಸೂಜಿ ಯಾಕೆ ಎನ್ನುವ ಜನವೇ ಅವತ್ತು ಪಾಳಿ ಹಚ್ಚಿದ್ದರು. ನಾಯಿಗಳು ಹಗ್ಗದಲ್ಲಿ ಬಂದವು, ಹೆಗಲ ಮೇಲೆ ಬಂದವು, ಮೋಟಾರ್‌ಸೈಕಲ್ಲಿನ ಟ್ಯಾಂಕಿಯ ಮೇಲೆ ಕುಳಿತು ಬಂದವು. ಒಂದು ಬಿಳಿ ನಾಯಿಯಂತೂ ಚಕ್ಕಡಿಯಲ್ಲಿ ನಿಂತು, ಮದುಮಗನ ಗತ್ತಿನಲ್ಲಿ ಬಂತು. ಮಧ್ಯಾಹ್ನದ ಹೊತ್ತಿಗೆ ತಂದ ಔಷಧವೆಲ್ಲ ಮುಗಿಯಿತು. ಉಳಿದ ನಾಯಿಗಳಿಗೆ ಭಾನುವಾರ ಬರುತ್ತೇನೆ ಎಂದೆ.

ಆದರೆ ಸೂಜಿ ಆದ ನಾಯಿಗೆ ಗುರುತು ಬೇಕಲ್ಲ. ನಾವು ಸಾಮಾನ್ಯವಾಗಿ ಬಣ್ಣ ಹಚ್ಚುತ್ತೇವೆ, ಆ ಬಣ್ಣವೂ ತೀರಿತ್ತು. ದಾರಿ ತೋರಿಸಿದವರು ಗೌಡರೇ. ಅವರ ಮನೆದೇವರು ಮೈಲಾರಲಿಂಗ. “ನಾಯಿ ಅಂದ್ರ ಮೈಲಾರಲಿಂಗನ ಪರಿವಾರಲ್ರಿ. ಸೂಜಿ ಆದದ್ದರ ಹಣಿಗಿ ಭಂಡಾರ ಹಚ್ಚೂಣು. ಭಂಡಾರ ಇದ್ದ ನಾಯಿ ಮ್ಯಾಲ ಈ ಊರಾಗ ಯಾರೂ ಕೈ ಎತ್ತೂದಿಲ್ಲ.” ಮನೆಯಿಂದ ಚೀಲ ತುಂಬ ಅರಿಶಿನದ ಭಂಡಾರ ತರಿಸಿದರು. ಹಚ್ಚಿದೆವು. ದೇವರು ಮತ್ತು ಔಷಧ ಹೀಗೆ ಒಂದೇ ಹಣೆಯ ಮೇಲೆ ಕೂಡಿದ್ದನ್ನು ನೋಡಿ ನನಗೆ ಬಹಳ ಸಂತೋಷವಾಯಿತು.

ಚಾವಡಿಯ ಪಕ್ಕದಲ್ಲಿ ಒಬ್ಬ ಅವ್ವನ ಚಹಾದಂಗಡಿ. ಅವ್ವನ ನಾಯಿಯ ಹೆಸರು ಪೈಲ್ವಾನ. ಹೆಸರಿಗಷ್ಟೇ ಪೈಲ್ವಾನ, ದೂರದಿಂದಲೇ ಪಕ್ಕೆಲುಬು ಎಣಿಸಬಹುದು. ಅವನು ಹಗ್ಗ ಕಂಡರೆ ಜೋಳದ ಹೊಲ ಸೇರುವವನು. ಶನಿವಾರವಿಡೀ ಅವ್ವ ಕೈಯಲ್ಲಿ ಮಿರ್ಚಿ ಭಜಿ ಹಿಡಿದು ಹೊಲ ಸುತ್ತಿದರು. ಭಜಿ ಕೊಟ್ಟು ಬಂದರೇ ಹೊರತು ನಾಯಿಯನ್ನು ತರಲಿಲ್ಲ.

“ಮನ್ಯಾವ್ರು ಹೋದ ಮ್ಯಾಲ ನಸುಕಿನ್ಯಾಗ ಒಬ್ಬಾಕಿನ ಅಂಗಡಿ ತೆಗಿತೇನ್ರಿ,” ಎಂದರು ಅವ್ವ. “ಇವನ ಧೈರ್ಯದ ಮ್ಯಾಲ. ಇವಗ ಬಡಿಗಿ ಬಿತ್ತಂದ್ರ ಅವತ್ತ ಅಂಗಡಿ ಮುಚ್ಚತೇನಿ.”

“ನಾಳೆ ಅವನ್ನ ಬಿಡೂದಿಲ್ಲ, ಅವ್ವಾ. ಖಾತ್ರಿ,” ಎಂದು ಮಾತು ಕೊಟ್ಟು ಬಂದೆ.

ಭಾನುವಾರ ಬೆಳಿಗ್ಗೆ ಔಷಧದ ಡಬ್ಬಿ ಹೊತ್ತುಕೊಂಡು ಊರಿನ ಅಗಸಿ ಬಾಗಿಲು ದಾಟಿದವಳು ಅಲ್ಲೇ ಸ್ಕೂಟಿ ನಿಲ್ಲಿಸಿದೆ. ಎದುರಿಗೆ ಬಂದ ನಾಯಿಯ ಹಣೆಯಲ್ಲಿ ಭಂಡಾರ. ಅದರ ಹಿಂದಿನದರ ಹಣೆಯಲ್ಲೂ ಭಂಡಾರ. ಕಟ್ಟೆಯ ಮೇಲೆ, ತಿಪ್ಪೆಯ ಮೇಲೆ, ನೀರಿನ ಟಾಕಿಯ ಕೆಳಗೆ, ಊರಿನ ಪ್ರತಿಯೊಂದು ನಾಯಿಯ ಹಣೆಯೂ ಹಳದಿ. ಎರಡು ಆಡು, ಒಂದು ಬೆಕ್ಕು, ಒಂದು ಟ್ರ್ಯಾಕ್ಟರಿಗೂ ಹಚ್ಚಿದ್ದರು.

ಭಾನುವಾರ ಮೈಲಾರಲಿಂಗನ ವಾರ. ನಾನು ಅದನ್ನು ಮರೆತಿದ್ದೆ. ಪಕ್ಕದ ಮನೆಯ ನಾಯಿಗೆ ಭಂಡಾರ ಹಚ್ಚಿದ್ದಾರೆ, ನಮ್ಮ ನಾಯಿ ಏನು ಪಾಪ ಮಾಡಿದೆ ಎಂದು ಕೆಲವರು ಹಚ್ಚಿದ್ದರು. ಬಡಿಗೆಯ ಭಯಕ್ಕೆ ಕೆಲವರು, ಭಕ್ತಿಗೆ ಉಳಿದವರು. ಒಬ್ಬ ಅಜ್ಜಿಯಂತೂ ನನ್ನನ್ನೇ ತರಾಟೆಗೆ ತೆಗೆದುಕೊಂಡರು. “ಔಷಧ ಅಂದ್ರ ಭಂಡಾರಲ್ಲೇನ್ರಿ? ಮತ್ತ ಸುಮ್ಮನ ಆ ಮೂಕ ಜೀವಕ್ಕ ಸೂಜಿ ಯಾಕ ಚುಚ್ಚಿದ್ರಿ?”

ಹೆಸರು ಬರೆದುಕೊಂಡಿರಲಿಲ್ಲವೇ ಎಂದು ನೀವು ಕೇಳಬಹುದು. ಬರೆದುಕೊಂಡಿದ್ದೆ. ಊರಿನ ಅರ್ಧ ನಾಯಿಗಳ ಹೆಸರು ರಾಜಾ, ಉಳಿದರ್ಧ ಟೈಗರ್. ಮತ್ತೆ ಎಲ್ಲಕ್ಕೂ ಸೂಜಿ ಹಾಕೋಣವೆಂದರೆ ಡಬ್ಬಿಯಲ್ಲಿದ್ದದ್ದು ಉಳಿದವುಗಳಿಗಾಗುವಷ್ಟು ಮಾತ್ರ. ಮನೆಯವರನ್ನು ಕೇಳಿದರೆ ಎಲ್ಲರದ್ದೂ ಒಂದೇ ಉತ್ತರ: “ಆಗೇತ್ರಿ.”

ಚಹಾದಂಗಡಿಯ ಅವ್ವ ಕೂಡ ಕಿಟ್ಲಿಯ ಕಡೆ ನೋಡುತ್ತ, “ಪೈಲ್ವಾನಗ ನಿನ್ನೇನ ಆಗೇತಿ. ಹಣಿ ನೋಡ್ರಿ ಬೇಕಾದ್ರ,” ಎಂದರು.

ಗೌಡರು ಚಾವಡಿಯಿಂದ ಇಳಿದು ಬಂದರು. ಬಿಳಿ ರುಮಾಲು, ಅದರ ಕೆಳಗೆ ಹಣೆ ತುಂಬ ಭಂಡಾರ. ಅವರ ಹಿಂದೆ ಬಡಿಗೆ ಹಿಡಿದ ಹುಡುಗರು. ಗೌಡರ ದನಿಯಲ್ಲಿ ಸಿಟ್ಟಿರಲಿಲ್ಲ, ಅದೇ ನನಗೆ ಹೆಚ್ಚು ಹೆದರಿಕೆ ಹುಟ್ಟಿಸಿತು. “ನಾ ಏನ ಮಾಡ್ಲಿ ಹೇಳ್ರಿ, ಬಾಯಾರ. ಯಾವುದು ಆಗೇತಿ ಯಾವುದು ಇಲ್ಲ ಅಂತ ಗುರ್ತ ಸಿಗಲಿಲ್ಲಂದ್ರ ಎಲ್ಲಾನೂ ತೆಗಿಸಬೇಕಾಗತೈತಿ. ನನಗ ಮಕ್ಕಳ ಜೀವ ಮುಖ್ಯ.”

ಅವ್ವ ಕಿಟ್ಲಿ ಕೆಳಗಿಟ್ಟು, ಪೈಲ್ವಾನ ಮಲಗಿದ್ದ ಬೆಂಚಿಗೆ ಅಡ್ಡವಾಗಿ ನಿಂತರು. ಭಂಡಾರ ಹಚ್ಚಲು ಒಪ್ಪಿದವಳು ನಾನೇ, ಈಗ ಇಡೀ ಊರಿನ ನಾಯಿಗಳು ಸಾಯುತ್ತವೆ. ಏನೂ ತೋಚದೆ ಚಾವಡಿಯ ಮೆಟ್ಟಿಲ ಮೇಲೆ ಕುಳಿತು, ಔಷಧ ಎಷ್ಟಿದೆ ನೋಡೋಣವೆಂದು ಚೀಲದ ಜಿಪ್ ಎಳೆದು ಸೂಜಿ ಹೊರಗೆ ತೆಗೆದೆ.

ಆಗ ನಡೆಯಿತು ಅದು. ಚಕ್ಕಡಿಯಲ್ಲಿ ಮದುಮಗನಾಗಿ ಬಂದಿದ್ದ ಬಿಳಿ ನಾಯಿ ಎದ್ದು, ಬಾಲವನ್ನು ಕಾಲ ಸಂದಿಯಲ್ಲಿಟ್ಟು, ಅದೇ ಚಕ್ಕಡಿಯ ಕೆಳಗೆ ನುಸುಳಿತು. ಮೋಟಾರ್‌ಸೈಕಲ್ಲಿನ ಮೇಲೆ ಬಂದಿದ್ದದ್ದು ಒಂದೇ ನೆಗೆತಕ್ಕೆ ಗೋಡೆ ಹಾರಿತು. ಕಟ್ಟೆಯ ಮೇಲಿನವು ಬಣವೆಯ ಹಿಂದೆ, ಬಣವೆಯ ಹಿಂದಿನವು ಹೊಲಕ್ಕೆ. ಇನ್ನರ್ಧ ನಾಯಿಗಳು ಮಾತ್ರ ನಿಂತಲ್ಲೇ ನಿಂತು, ಇವಕ್ಕೆಲ್ಲ ಏನಾಯಿತು ಎಂದು ನೋಡಿ, ಆಮೇಲೆ ಬಾಲ ಅಲ್ಲಾಡಿಸುತ್ತ, ಬಿಸ್ಕೀಟು ಇದೆಯೇನೋ ಎಂದು ನನ್ನ ಹತ್ತಿರ ಬಂದವು.

ಗೌಡರು ನಿಧಾನವಾಗಿ ಹೇಳಿದರು: “ಚೀಲ ಮುಚ್ಚರಿ.” ಮುಚ್ಚಿದೆ. ಓಡಿದವುಗಳು ಒಂದೊಂದಾಗಿ ಇಣುಕಿ ಹೊರಗೆ ಬಂದವು. “ತೆಗೀರಿ.” ಜಿಪ್ ಎಳೆದೆ. ಅವೇ ನಾಯಿಗಳು, ಅದೇ ಚಕ್ಕಡಿ, ಅದೇ ಬಣವೆ.

“ಓಡಿದ್ದಕ್ಕ ಆಗೇತಿ,” ಎಂದರು ಗೌಡರು. “ಬಂದದ್ದಕ್ಕ ಆಗಿಲ್ಲ. ಹುಡುಗೂರ್ಯಾ, ಬಡಿಗಿ ಒಗೀರಿ.”

ಯಾವ ಪ್ರಾಣಿಗೂ ನಾನು ಬೇಡ ಎಂದು ಇಷ್ಟು ವರ್ಷ ಕೊರಗಿದ್ದೆ. ನನ್ನನ್ನು ಕಂಡರೆ ಆಗದು ಎಂಬ ಆ ಸಿಟ್ಟೇ ಇವತ್ತು ಅವುಗಳ ಜೀವ ಉಳಿಸಿತು. ಮೂಕ ಪ್ರಾಣಿಗಳು ಒಂದಿನಿತೂ ತಪ್ಪಿಲ್ಲದೆ ಸಾಕ್ಷಿ ಹೇಳಿದ್ದವು.

ಅಷ್ಟರಲ್ಲಿ ಚಹಾದಂಗಡಿಯ ಬೆಂಚಿನ ಕೆಳಗಿನಿಂದ ಪೈಲ್ವಾನ ಎದ್ದ. ಮೈ ಮುರಿದ. ಹಗ್ಗವಿಲ್ಲ, ಭಜಿ ಇಲ್ಲ, ಯಾರೂ ಕರೆದಿಲ್ಲ. ಇಡೀ ಊರಿನ ಎದುರಿಗೆ ನೇರವಾಗಿ ನಡೆದು ಬಂದು, ಗದ್ದವನ್ನು ನನ್ನ ಮೊಣಕಾಲ ಮೇಲಿಟ್ಟು, ಬಾಲ ಅಲ್ಲಾಡಿಸಿದ.

ಅವ್ವ ಸೆರಗಿನಿಂದ ಮುಖ ಮುಚ್ಚಿಕೊಂಡರು. “ಪೈಲ್ವಾನಾ, ನನ್ನ ಮಾರಿಗಿ ಮಸಿ ಹಚ್ಚಿದೆಲ್ಲೋ.”

ಜನ ನಗತೊಡಗಿದರು, ಅವ್ವನೂ ನಕ್ಕರು. ನಾನು ಮೊದಲ ಸೂಜಿಯನ್ನು ಪೈಲ್ವಾನನಿಗೇ ಹಾಕಿದೆ. ಅವನು ಒಮ್ಮೆ ಕುಂಯ್ಯೆಂದು ಬೆಂಚಿನ ಕೆಳಗೆ ಹೋದವನು ನನ್ನ ಕಡೆ ಮತ್ತೆ ತಿರುಗಿ ನೋಡಲಿಲ್ಲ. ಅದನ್ನು ಕಂಡು ನನಗೆ ಜೀವಮಾನದಲ್ಲಿ ಮೊದಲ ಸಲ ಸಮಾಧಾನವಾಯಿತು. ಬಂದವಕ್ಕೆಲ್ಲ ಸೂಜಿಯಾಯಿತು. ಔಷಧ ಮೈಗೆ ಹತ್ತಲು ಕೆಲವು ವಾರ ಬೇಕು, ಅಲ್ಲಿಯವರೆಗೆ ನಾಯಿಗಳನ್ನು ಪಕ್ಕದ ಊರಿನ ಕಡೆ ಬಿಡಬೇಡಿ, ಮುಂದಿನ ವರ್ಷ ಮತ್ತೆ ಹಾಕಿಸಿ ಎಂದು ಎಲ್ಲರಿಗೂ ಹೇಳಿದೆ. ಈ ಸಲ ಆರಾಮ ಐತಲ್ರಿ ಎಂದು ಯಾರೂ ಅನ್ನಲಿಲ್ಲ.

ಕೊನೆಗೆ ಉಳಿದದ್ದು ಗೌಡರದೇ ನಾಯಿ. ಅದಕ್ಕೂ ಮುಗಿಸಿ, ಗೌಡರಿಗೆ ಒಂದು ಮಾತು ಉಪಕಾರ ಹೇಳೋಣವೆಂದು ಕೈಯಲ್ಲಿ ಸೂಜಿ ಹಿಡಿದುಕೊಂಡೇ ಎದ್ದು ಅವರ ಕಡೆ ತಿರುಗಿದೆ. ಪಕ್ಕದಲ್ಲೇ ನಿಂತಿದ್ದ ಗೌಡರು ಇರಲಿಲ್ಲ. ಹುಡುಕಿದರೆ, ಚಾವಡಿಯ ಕಂಬದ ಹಿಂದಿನಿಂದ ಬಿಳಿ ರುಮಾಲಿನ ಅಂಚು ಮತ್ತು ಹಳದಿ ಹಣೆಯ ಅರ್ಧ ಭಾಗ ಕಾಣುತ್ತಿತ್ತು.

“ಗೌಡ್ರ, ಬರ್ರಿ,” ಎಂದು ನಾನು ಕರೆಯುವುದರೊಳಗೆ ಚಹಾದಂಗಡಿಯ ಅವ್ವ ನನ್ನ ಕೈಗೆ ಚಹಾದ ಕಪ್ಪು ಕೊಟ್ಟು, ಊರಿಗೆಲ್ಲ ಕೇಳಿಸುವ ಹಾಗೆ ಹೇಳಿದರು:

“ಬಿಡ್ರಿ, ಡಾಕ್ಟರ್ ಬಾಯಾರ. ಹಣಿ ಮ್ಯಾಲ ಭಂಡಾರ ಐತಿ, ಸೂಜಿ ಕಂಡು ಓಡ್ಯಾರ. ಗೌಡ್ರಿಗೂ ಆಗೇತಿ.”